ಕಚ್ಚಿಕೊಳ್ಳುತ್ತಿದ್ದ ಥ್ರಾಟಲ್ ಸ್ಟಿಕ್ ಬಿಚ್ಚಿ ನೋಡಿದಾಗ

ರಿಮೋಟ್‌ನಲ್ಲಿ ಹಾರಿಸುವ ಪುಟ್ಟ ವಿಮಾನ ಇಳಿಸುವಾಗ ಥ್ರಾಟಲ್ ಅನ್ನು, ಅಂದರೆ ಮೋಟರ್ ವೇಗ ಹೆಚ್ಚು ಕಡಿಮೆ ಮಾಡುವ ಸ್ಟಿಕ್ಕನ್ನು, ಚೂರು ಚೂರೇ ಇಳಿಸಬೇಕು. ನನ್ನ ರಿಮೋಟ್‌ನಲ್ಲಿ ಅದೇ ಆಗುತ್ತಿರಲಿಲ್ಲ. ಕೆಳಗಿನಿಂದ ಮೂರನೇ ಒಂದು ಭಾಗದ ಹತ್ತಿರ ಬಂದ ಕೂಡಲೇ ಸ್ಟಿಕ್ ಕಚ್ಚಿಕೊಳ್ಳುತ್ತಿತ್ತು, ಸ್ವಲ್ಪ ಜಾಸ್ತಿ ಒತ್ತಿದರೆ ಗಕ್ಕನೆ ಜಾರಿ ತಳ ಮುಟ್ಟುತ್ತಿತ್ತು, ಮೋಟರ್ ಪೂರ್ತಿ ನಿಲ್ಲುತ್ತಿತ್ತು, ವಿಮಾನ ಆಳೆತ್ತರದಿಂದ ದೊಪ್ಪಂತ ಬೀಳುತ್ತಿತ್ತು. ಮೊದಲನೇ ಪ್ರೊಪೆಲ್ಲರ್ ಮುರಿದಾಗ ನನ್ನ ಕೈಯದೇ ತಪ್ಪು ಅಂದುಕೊಂಡೆ. ಎರಡನೆಯದು ಮುರಿದಾಗ ರಿಮೋಟ್ ಮೇಲೆ ಅನುಮಾನ ಬಂತು.

ಆಗ ಒಂದು ದಡ್ಡತನ ಮಾಡಿದೆ. ಕಿರ್ ಅನ್ನುವ ಬಾಗಿಲಿಗೆ ಹೊಡೆಯುವ ಸ್ಪ್ರೇ ಎಣ್ಣೆಯನ್ನು ಸ್ಟಿಕ್ಕಿನ ಸಂದಿಗೆ ಮೇಲಿಂದಲೇ ಹೊಡೆದುಬಿಟ್ಟೆ. ಎರಡು ದಿನ ಬೆಣ್ಣೆ ಹಾಗೆ ಓಡಾಡಿತು, ಆಮೇಲೆ ಮೊದಲಿಗಿಂತ ಹಾಳು. ನಾವು ಹಾರಿಸುವುದು ಬತ್ತಿದ ಕೆರೆ ಅಂಗಳದಲ್ಲಿ, ಬೇಸಿಗೆಯಲ್ಲಿ ಅಲ್ಲಿನ ಹೂಳು ಹಿಟ್ಟಿನ ಹಾಗೆ ಏಳುತ್ತದೆ. ಎಣ್ಣೆಯ ಜೊತೆ ಸೇರಿದರೆ ಕೇಳಬೇಕೆ, ಒಳಗೆ ಒಳ್ಳೆ ಗಾರೆ ತಯಾರಾಗಿತ್ತು.

ಬಿಚ್ಚುವ ಮೊದಲು ಒಂದು ಕೆಲಸ ಮಾಡಿದೆ, ಇದು ಮಾತ್ರ ಸರಿಯಾದ ಕೆಲಸ. ರಿಮೋಟ್‌ನಲ್ಲಿ ಚಾನೆಲ್ ಮಾನಿಟರ್ ಪರದೆ (ಸ್ಟಿಕ್ ಎಲ್ಲಿದೆ ಅಂತ ಅಂಕಿಯಲ್ಲಿ ತೋರಿಸುವುದು) ತೆಗೆದು, ಸ್ಟಿಕ್ಕನ್ನು ಮೆಲ್ಲಗೆ ಸರಿಸುತ್ತಾ ಅಂಕಿ ನೋಡಿದೆ. ಮೈನಸ್ 100ರಿಂದ ಪ್ಲಸ್ 100ರವರೆಗೆ ಎಲ್ಲೂ ಕುಣಿಯದೆ ಏರಿತು. ಸ್ಟಿಕ್ಕಿನ ಬುಡದಲ್ಲಿ ಪಾಟ್ ಇರುತ್ತದೆ, ಹಳೇ ರೇಡಿಯೋದ ವಾಲ್ಯೂಮ್ ತಿರುಪಿನಂಥದ್ದೇ. ಅದರ ಪಟ್ಟಿ ಸವೆದಿದ್ದರೆ ಅಥವಾ ಧೂಳು ಹೊಕ್ಕಿದ್ದರೆ ಸ್ಟಿಕ್ ಅಲ್ಲಾಡಿಸದಿದ್ದರೂ ಅಂಕಿ ಕುಣಿಯುತ್ತದೆ. ಕೈಗೆ ಬಿಗಿ ಅನ್ನಿಸುವುದು ಬೇರೆ ಕಾಯಿಲೆ, ಅಂಕಿ ಕುಣಿಯುವುದು ಬೇರೆ ಕಾಯಿಲೆ. ನನ್ನದು ಮೊದಲನೆಯದು, ಹಾಗಾಗಿ ಪಾಟ್ ಮುಟ್ಟುವ ಗೋಜಿಗೇ ಹೋಗಲಿಲ್ಲ.

ಬ್ಯಾಟರಿ ತೆಗೆದು ಹಿಂದಿನ ಮುಚ್ಚಳದ ಸ್ಕ್ರೂ ಬಿಚ್ಚಿದೆ. ಮುಚ್ಚಳವನ್ನು ಎಳೆದು ತೆಗೆಯಬೇಡಿ, ಬ್ಯಾಟರಿ ವೈರು ಅದಕ್ಕೇ ಅಂಟಿಕೊಂಡಿರುತ್ತದೆ, ಪುಸ್ತಕ ತೆರೆದ ಹಾಗೆ ಮೆಲ್ಲಗೆ ತೆರೆಯಬೇಕು. ಸ್ಕ್ರೂಗಳ ಉದ್ದ ಬೇರೆ ಬೇರೆ, ಅದಕ್ಕೆ ಅಡುಗೆಮನೆಯಿಂದ ಇಡ್ಲಿ ತಟ್ಟೆ ತಂದು ಒಂದೊಂದು ಗುಳಿಯಲ್ಲಿ ಒಂದೊಂದು ಕಡೆಯ ಸ್ಕ್ರೂ ಇಟ್ಟೆ. ಪ್ರತಿ ಹಂತಕ್ಕೂ ಫೋನಿನಲ್ಲಿ ಫೋಟೋ.

ಒಳಗಿನ ಕಥೆ ಹೀಗಿದೆ. ರಿಮೋಟ್‌ನ ಎರಡು ಸ್ಟಿಕ್ಕೂ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಆಡುತ್ತವೆ, ಒಟ್ಟು ನಾಲ್ಕು ಚಲನೆ. ಥ್ರಾಟಲ್ ಬಿಟ್ಟು ಬೇರೆ ಮೂರಕ್ಕೂ ಸ್ಪ್ರಿಂಗ್ ಇರುತ್ತದೆ, ಕೈ ಬಿಟ್ಟರೆ ಸ್ಟಿಕ್ ನಡುವಿಗೆ ಬರುತ್ತದೆ. ಥ್ರಾಟಲ್ ಬಿಟ್ಟಲ್ಲೇ ನಿಲ್ಲಬೇಕಲ್ವಾ, ಅದಕ್ಕೆ ಅಲ್ಲಿ ಸ್ಪ್ರಿಂಗ್ ಇಲ್ಲ, ಬದಲಿಗೆ ಒಂದು ತೆಳು ಲೋಹದ ಪಟ್ಟಿ ಕಮಾನಿನಂಥ ಪ್ಲಾಸ್ಟಿಕ್ ಭಾಗದ ಮೇಲೆ ಒತ್ತಿಕೊಂಡಿರುತ್ತದೆ. ಕಮಾನಿಗೆ ಹಲ್ಲಿದ್ದರೆ ಕರ ಕರ ಅನ್ನುತ್ತದೆ, ನುಣ್ಣಗಿದ್ದರೆ ಸುಮ್ನೆ ಜಾರುತ್ತದೆ. ನನ್ನದು ನುಣ್ಣನೆಯದು, ಆದರೆ ಪಟ್ಟಿಯ ಕೆಳಗೆ ಕಪ್ಪು ಜಿಡ್ಡು ಕುಂಕುಮದ ಕರಡಿಗೆಯ ತಳದ ಹಾಗೆ ಗಟ್ಟಿಯಾಗಿ ಕೂತಿತ್ತು.

ಪಟ್ಟಿಯ ಸ್ಕ್ರೂ ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಹತ್ತಿಕಡ್ಡಿ ಅದ್ದಿ ಒರೆಸಿದೆ. ಸಂದಿಗಳಿಗೆ ಹಳೇ ಟೂತ್‌ಬ್ರಷ್. ಸುಮಾರು ಹದಿನೈದು ಕಡ್ಡಿ ಕಪ್ಪಾದವು. ಪಟ್ಟಿಯ ಅಂಚಿನಲ್ಲಿ ಬೆರಳಿಗೆ ಸಿಗುವ ಒಂದು ಮುಳ್ಳಿನಂಥದ್ದಿತ್ತು, ಅದನ್ನು 1000 ನಂಬರಿನ ನೀರುಕಾಗದದಲ್ಲಿ ನಾಲ್ಕು ಸಲ ಉಜ್ಜಿ ಸವರಿದೆ. ಪಟ್ಟಿಯನ್ನು ಮಾತ್ರ ಬಗ್ಗಿಸಲು ಹೋಗಬೇಡಿ.

ಇನ್ನು ಜೋಡಿಸೋಣ ಅಂದುಕೊಂಡವನು ಪಟ್ಟಿ ಇಲ್ಲದೆಯೇ ಸ್ಟಿಕ್ ಆಡಿಸಿ ನೋಡಿದೆ. ಪಟ್ಟಿ ಇಲ್ಲದಿದ್ದರೆ ಅದು ತನ್ನ ಭಾರಕ್ಕೇ ಆಚೀಚೆ ಬೀಳಬೇಕು. ಬೀಳಲಿಲ್ಲ! ಅದೇ ಜಾಗ, ಅದೇ ಮೂರನೇ ಒಂದು ಭಾಗ. ಟಾರ್ಚ್ ಹಾಕಿ ಬಗ್ಗಿ ನೋಡಿದರೆ, ಪಾಟ್‌ನಿಂದ ಬರುವ ಮೂರು ವೈರುಗಳ ಕಟ್ಟು ಸ್ಟಿಕ್ಕಿನ ಚೌಕಟ್ಟಿಗೆ ಒತ್ತಿಕೊಂಡಿದೆ. ಅದನ್ನು ಬಿಗಿಯಾಗಿ ಎಳೆದು ಬಿಸಿ ಅಂಟು ಹಾಕಿ ಕೂರಿಸಿದ್ದರು. ಒಂದು ವೈರಿನ ಸಿಪ್ಪೆ ಆಗಲೇ ಉಜ್ಜಿ ಹೊಳಪಾಗಿತ್ತು. ಇನ್ನೊಂದು ವರ್ಷ ಬಿಟ್ಟಿದ್ದರೆ ಒಳಗಿನ ತಾಮ್ರ ಕಾಣುತ್ತಿತ್ತೇನೋ, ಹಾರುವಾಗ ಆ ವೈರು ತುಂಡಾಗಿದ್ದರೆ ಅನ್ನುವುದನ್ನು ನೆನೆಸಿಕೊಂಡು ಒಂದು ನಿಮಿಷ ಸುಮ್ಮನೆ ಕೂತೆ.

ಅಂಟಿನ ಮೇಲೆ ಒಂದು ಹನಿ ಆಲ್ಕೊಹಾಲ್ ಬಿಟ್ಟರೆ ತಾನೇ ಬಿಡುತ್ತದೆ, ಕತ್ತರಿ ಬೇಡ. ವೈರಿಗೆ ಸ್ವಲ್ಪ ಸಡಿಲ ಕೊಟ್ಟು, ಉಜ್ಜಿದ ಜಾಗಕ್ಕೆ ಟೇಪ್ ಸುತ್ತಿ, ಬೇರೆ ದಾರಿಯಲ್ಲಿ ಹಾಯಿಸಿದೆ. ಸ್ಟಿಕ್ ಟಪ್ಪಂತ ಬಿತ್ತು.

ಕಮಾನಿನ ಮೇಲೆ ಸಾಸಿವೆ ಕಾಳಿನಷ್ಟು ಸಿಲಿಕೋನ್ ಗ್ರೀಸ್ ಸವರಿದೆ, ಅಷ್ಟೇ ಸಾಕು. ಗಾಡಿಗೆ ಹಾಕುವ ಗ್ರೀಸ್ ಕೆಲವು ಪ್ಲಾಸ್ಟಿಕ್‌ಗೆ ಆಗಿಬರುವುದಿಲ್ಲ. ಪಟ್ಟಿಯ ಸ್ಕ್ರೂವನ್ನು ಕಾಲು ಸುತ್ತು, ಕಾಲು ಸುತ್ತು ಬಿಗಿ ಮಾಡುತ್ತಾ, ಪ್ರತಿ ಸಲವೂ ರಿಮೋಟ್ ತಲೆಕೆಳಗೆ ಹಿಡಿದು ಸ್ಟಿಕ್ ನಿಲ್ಲುತ್ತದಾ ನೋಡಿದೆ. ನಿಂತ ಕೂಡಲೇ ಕೈ ತೆಗೆದೆ.

ಮುಚ್ಚಿದ ಮೇಲೆ ಮೆನುವಿನಲ್ಲಿ ಸ್ಟಿಕ್ ಕ್ಯಾಲಿಬ್ರೇಶನ್, ಅಂದರೆ ಸ್ಟಿಕ್ಕಿನ ತುದಿಗಳು ಎಲ್ಲಿವೆ ಅಂತ ರಿಮೋಟ್‌ಗೆ ಹೇಳಿಕೊಡುವುದು, ಮತ್ತೆ ಮಾಡಿದೆ. ಪ್ರೊಪೆಲ್ಲರ್ ಬಿಚ್ಚಿಟ್ಟು, ವಿಮಾನದಲ್ಲಿ ಮೋಟರ್ ವೇಗ ನಿಯಂತ್ರಿಸುವ ಇಎಸ್‌ಸಿಗೂ ಥ್ರಾಟಲ್‌ನ ಮೇಲಿನ ಕೆಳಗಿನ ತುದಿ ಹೊಸದಾಗಿ ಕಲಿಸಿದೆ. ಇದನ್ನು ಬಿಟ್ಟರೆ ತಳದಲ್ಲಿಯೂ ಮೋಟರ್ ಮೆಲ್ಲಗೆ ತಿರುಗುತ್ತಿರಬಹುದು, ಅಥವಾ ಇಎಸ್‌ಸಿ ಸುಮ್ನೆ ಬೀಪ್ ಬೀಪ್ ಅನ್ನುತ್ತಾ ಏಳದೇ ಇರಬಹುದು.

ಭಾನುವಾರ ಬೆಳಿಗ್ಗೆ ಕೆರೆಗೆ ಹೋಗಿ ಆರು ಸಲ ಇಳಿಸಿದೆ. ಐದು ಸಲ ಚೆನ್ನಾಗಿ ಇಳಿಯಿತು. ಆರನೆಯದು ಎಮ್ಮೆಯೊಂದು ಅಡ್ಡ ಬಂದಿದ್ದರಿಂದ ಪೊದೆಗೆ ಹೋಯಿತು, ಅದಕ್ಕೆ ಸ್ಟಿಕ್ ಹೊಣೆಯಲ್ಲ.