ಬಿಳಿ ಉಡುಪಿನ ನೆರಳು: ಮೋನೆಯ ಚಿತ್ರವನ್ನು ನಾನು ನಕಲು ಮಾಡಿದ ಬಗೆ

ಫ್ರೆಂಚ್ ಚಿತ್ರಕಾರ ಕ್ಲೋಡ್ ಮೋನೆ 1875ರಲ್ಲಿ ಬರೆದ ‘ಕೊಡೆ ಹಿಡಿದ ಹೆಂಗಸು’ ನನಗೆ ತುಂಬಾ ಇಷ್ಟದ ಚಿತ್ರ. ಹೆಂಡತಿ ಕಮೀಲ್, ಮಗ ಝಾನ್ ಹುಲ್ಲುದಿಬ್ಬದ ಮೇಲೆ ನಿಂತಿದ್ದಾರೆ. ಹಿಂದೆ ಬರೀ ಆಕಾಶ. ಆಗ ಅವರ ಸಂಸಾರ ಪ್ಯಾರಿಸ್ ಹತ್ತಿರದ ಅರ್ಜಾಂತೈನಲ್ಲಿತ್ತು. ಮೂಲ ಚಿತ್ರ ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನಲ್ಲಿದೆ. ಅದರ ದೊಡ್ಡ ಫೋಟೊವನ್ನು ಗ್ಯಾಲರಿಯೇ ಉಚಿತವಾಗಿ ಕೊಡುತ್ತದೆ. ಅದನ್ನು ಎದುರಿಗಿಟ್ಟುಕೊಂಡು ಆಯಿಲ್ ಬಣ್ಣದಲ್ಲಿ ನಕಲು ಮಾಡಿದೆ. ಮೂಲ 100 × 81 ಸೆಂಟಿಮೀಟರ್. ನಾನು ತಗೊಂಡಿದ್ದು 50 × 40ರ ಕ್ಯಾನ್ವಾಸ್.

ಪೆನ್ಸಿಲ್ ಮುಟ್ಟಲಿಲ್ಲ. ತೆಳು ನೀಲಿಯಲ್ಲಿ ದಿಬ್ಬದ ಗೆರೆ, ಕಮೀಲಳ ನಿಲುವು, ಕೊಡೆಯ ಕಮಾನು ಇಷ್ಟನ್ನೇ ಗುರುತು ಹಾಕಿಕೊಂಡೆ. ದಿಬ್ಬದ ಗೆರೆ ತಗ್ಗಿನಲ್ಲೇ ಇರಬೇಕು. ನಾವು ಕೆಳಗೆ ನಿಂತು ತಲೆಯೆತ್ತಿ ನೋಡುತ್ತಿದ್ದೇವೆ, ಅದಕ್ಕೇ ಆಕೆ ಅಷ್ಟು ಎತ್ತರ ಕಾಣುವುದು.

ಚಿತ್ರದ ಜೀವ ಇರುವುದು ಆ ಬಿಳಿ ಉಡುಪಿನಲ್ಲಿ. ಬಿಳಿ ಅಂತೀವಿ, ಆದರೆ ಅಪ್ಪಟ ಬಿಳಿ ಇರುವುದು ಬೆಳಕು ಬಿದ್ದ ಅಂಚಿನಲ್ಲಷ್ಟೇ. ಸೂರ್ಯ ಆಕೆಯ ಹಿಂದಿದ್ದಾನೆ. ಹಾಗಾಗಿ ನಮ್ಮ ಕಡೆಯ ಬಟ್ಟೆಯೆಲ್ಲ ನೆರಳು. ಆ ನೆರಳಿಗೆ ಕಪ್ಪು ಸೇರಿಸಿದರೆ ಬಟ್ಟೆ ಕೊಳೆಯಾದ ಹಾಗೆ ಕಾಣುತ್ತದೆ. ನಾನು ಕೋಬಾಲ್ಟ್ ನೀಲಿಗೆ ಬಿಳಿ ಸೇರಿಸಿ, ಒಂದು ಚೂರು ಅಲಿಝರಿನ್ ಕೆಂಪು ಬೆರೆಸಿದೆ. ಕಣ್ಣು ಸುಮ್ನೆ ‘ಬಿಳಿ, ಬಿಳಿ’ ಅಂತಲೇ ಹೇಳುತ್ತಿರುತ್ತದೆ, ಅಲ್ವಾ? ಅದಕ್ಕೆ ರಟ್ಟಿನಲ್ಲಿ ಸಣ್ಣ ತೂತು ಮಾಡಿ, ಅದರೊಳಗಿಂದ ಒಂದೊಂದೇ ಜಾಗ ನೋಡುತ್ತಾ ಹೋದೆ. ಆಗ ನೀಲಿ ನೀಲಿಯಾಗಿಯೇ ಕಂಡಿತು.

ತೋಳಿನ ಕೆಳಗೆ ಹಳದಿ ಇದೆ. ಹುಲ್ಲಿನಲ್ಲಿ ಅರಳಿದ ಹಳದಿ ಹೂಗಳ ಬೆಳಕು ಪುಟಿದು ಬಟ್ಟೆಗೆ ಹತ್ತಿದೆ. ನೀಲಿ ಇನ್ನೂ ಹಸಿಯಿರುವಾಗಲೇ ಒರೆಸಿದ ಬ್ರಷ್‌ನಲ್ಲಿ ಹಳದಿ ಎತ್ತಿ, ಒಂದೇ ಸಲ ಎಳೆದು ಬಿಟ್ಟೆ. ಎರಡನೇ ಸಲ ತಿಕ್ಕಿದರೆ ಹಸಿರಾಗುತ್ತದೆ. ಎಷ್ಟೋ ಚಿತ್ರಗಳಲ್ಲಿ ನೆರಳು ನೋಡಿದ್ದೇನೆ, ಇಷ್ಟು ಬೆಳಕು ತುಂಬಿದ ನೆರಳು ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಮುಖದ ಮೇಲಿನ ಪರದೆಯೂ ಹಸಿ ಬಣ್ಣದ ಕೆಲಸವೇ. ಮುಖವನ್ನು ಮೊದಲು ಸ್ವಲ್ಪ ಗಾಢವಾಗಿ ಬರೆದು, ಒಣ ಬ್ರಷ್‌ನಿಂದ ತಿಳಿಬಿಳಿಯನ್ನು ಗಾಳಿ ಬೀಸುವ ಕಡೆಗೇ ಎಳೆದೆ. ಪಾವಡೆಯ ಮಡಿಕೆಗಳೂ ಅದೇ ಗಾಳಿಗೆ ತಿರುಗಬೇಕು.

ಝಾನ್‌ಗೆ ಜಾಸ್ತಿ ಬಣ್ಣ ಬೇಡ. ಅವನು ದಿಬ್ಬದ ಆಚೆ ನಿಂತಿದ್ದಾನೆ, ಸೊಂಟದಿಂದ ಮೇಲಷ್ಟೇ ಕಾಣುತ್ತಾನೆ. ಅವನ ಕಣ್ಣು ಮೂಗು ಬಿಡಿಸಿ ಬರೆದರೆ ಅವನು ಅಮ್ಮನ ಪಕ್ಕಕ್ಕೇ ಬಂದುಬಿಡುತ್ತಾನೆ, ನಡುವಿನ ದೂರ ಹೋಗಿಬಿಡುತ್ತದೆ. ಟೋಪಿ, ಕೆನ್ನೆಯ ಕೆಂಪು, ತಿಳಿ ಅಂಗಿ ಇಷ್ಟು ಹಾಕಿ ಬ್ರಷ್ ಕೆಳಗಿಟ್ಟೆ.