ದೀಪ ಉರಿಯುತ್ತಿದೆ, ಬೀದಿ ಮಾತ್ರ ಕತ್ತಲು

ಬೀದಿ ದೀಪಗಳ ವ್ಯವಸ್ಥೆಯನ್ನೂ ಜನ ದೂರು ಕೊಡುವ ಆ್ಯಪನ್ನೂ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂದಾಗ ಇದೇನು ಮಹಾ ಅಂದುಕೊಂಡಿದ್ದೆ. ಎರಡು ಸಾಫ್ಟ್‌ವೇರ್, ನಡುವೆ ಅವೆರಡೂ ಮಾತಾಡಿಕೊಳ್ಳಲು ಒಂದು ಎಪಿಐ. ಅಷ್ಟೇ ಅಲ್ವಾ?

ಮೊದಲು ಎಡವಿದ್ದು ಕಂಬದ ನಂಬರಿನಲ್ಲಿ. ಒಂದೇ ಕಂಬಕ್ಕೆ ದೀಪದ ಕಂಟ್ರೋಲರ್‌ನಲ್ಲಿ ಒಂದು ನಂಬರ್, ನಕ್ಷೆಯಲ್ಲಿ ಇನ್ನೊಂದು. ಲೈನ್‌ಮನ್‌ಗಳ ಬಾಯಲ್ಲಿ ಮಾತ್ರ ಅದು 'ತಿರುವಿನ ಕಂಬ'. ಈ ಬಾಯಿಮಾತಿನ ಹೆಸರು ಬೇಡ ಅಂದೆ. ಹಿರಿಯ ಲೈನ್‌ಮನ್ ಒಬ್ಬರು ನಕ್ಕರು. "ರಾತ್ರಿ ಏಣಿ ಹೊತ್ಕೊಂಡು ಹೋಗೋವಾಗ ಹನ್ನೆರಡು ಅಂಕಿ ಯಾರಿಗೆ ನೆನಪಿರುತ್ತೆ ಸರ್?" ಎರಡು ವಾರ ಅವರ ಹಿಂದೆಯೇ ಬೀದಿ ಸುತ್ತಿ ಪಟ್ಟಿ ಸರಿಮಾಡಿದೆ. 'ಕರೆಯುವ ಹೆಸರು' ಅಂತ ಒಂದು ಕಾಲಂ ಇಟ್ಟೆ. ಇಡೀ ಡೇಟಾಬೇಸ್‌ನಲ್ಲಿ ಜಾಸ್ತಿ ಬಳಕೆಯಾಗುವುದು ಅದೇ.

ದೀಪದ ಸುದ್ದಿ ಕಂಟ್ರೋಲರ್‌ನಿಂದ ಗೇಟ್‌ವೇ ಎಂಬ ನಡುವಿನ ಪೆಟ್ಟಿಗೆಗೆ ಬರುವುದು ಲೋರಾವ್ಯಾನ್ ಎಂಬ ರೇಡಿಯೋ ಜಾಲದಲ್ಲಿ, ಅಲ್ಲಿಂದ ಸರ್ವರ್‌ಗೆ ಹೋಗುವುದು ಎಂಕ್ಯೂಟಿಟಿ ಎಂಬ ಸಂದೇಶ ಸಾಗಿಸುವ ಪದ್ಧತಿಯಲ್ಲಿ. ಲೋರಾವ್ಯಾನ್ ದೂರ ಹೋಗುತ್ತದೆ, ಆದರೆ ಹೆಚ್ಚು ಹೊರುವುದಿಲ್ಲ. ಹಾಗಾಗಿ ದೀಪ ಹೇಳುವುದು ಎರಡೇ ಮಾತು: ಎಷ್ಟು ವ್ಯಾಟ್ ಎಳೆಯುತ್ತಿದ್ದೇನೆ, ಕೆಟ್ಟಿದ್ದೇನಾ ಇಲ್ಲವಾ. ಎಂಕ್ಯೂಟಿಟಿ ಹುಟ್ಟಿದ್ದು 1999ರಲ್ಲಿ, ತೈಲದ ಪೈಪ್‌ಲೈನ್‌ಗಳ ಮಾಹಿತಿಯನ್ನು ಉಪಗ್ರಹದ ಮೂಲಕ ತರಿಸಿಕೊಳ್ಳಲು. ಅದರಲ್ಲಿ ಸಂದೇಶ ತಲುಪಿಸುವ ಖಾತ್ರಿಗೆ 0, 1, 2 ಎಂದು ಮೂರು ಮಟ್ಟ. ನಾನು 1 ಆರಿಸಿದೆ. ಅಂದರೆ ಸಂದೇಶ ಒಂದು ಸಲವಾದರೂ ಬಂದೇ ಬರುತ್ತದೆ. 'ಒಂದು ಸಲವಾದರೂ' ಅಂದರೆ ಎರಡು ಸಲವೂ ಬರಬಹುದು ಅನ್ನೋದನ್ನು ಓದಿದ್ದೆ, ಆದರೆ ತಲೆಗೆ ಹೋಗಿರಲಿಲ್ಲ. ನೆಟ್‌ವರ್ಕ್ ಹೋಗಿ ಬಂದ ಒಂದು ರಾತ್ರಿ ಒಂದೇ ದೀಪಕ್ಕೆ ಎರಡೆರಡು ಟಿಕೆಟ್, ಅಂದರೆ ರಿಪೇರಿಯ ಕೆಲಸದ ಚೀಟಿ, ತೆರೆದುಕೊಂಡವು. ಒಬ್ಬರು ಸರಿಮಾಡಿ ಹೋದ ಕಂಬಕ್ಕೆ ಇನ್ನೊಬ್ಬರು ಹತ್ತಿದರು. ಬೆಳಿಗ್ಗೆ ಬೈಸಿಕೊಂಡೆ, ಬೈಸಿಕೊಳ್ಳಬೇಕಾದದ್ದೇ. ಕಂಬ ಮತ್ತು ದೋಷ ಎರಡೂ ಒಂದೇ ಆಗಿದ್ದರೆ, ಹಳೆಯ ಟಿಕೆಟ್ ಮುಗಿಯುವ ತನಕ ಹೊಸದು ತೆರೆಯದಂತೆ ಮಾಡಿದ ಮೇಲೆ ಅದು ನಿಂತಿತು.

ನಿಜಕ್ಕೂ ತಲೆ ಕೆಡಿಸಿದ್ದು ಬೇರೆಯೇ. ಒಂದು ಬೀದಿಯಿಂದ 'ಕತ್ತಲು' ಎಂಬ ದೂರು ಮತ್ತೆ ಮತ್ತೆ ಬರುತ್ತಿತ್ತು. ನಮ್ಮ ಪರದೆಯಲ್ಲಿ ಆ ದೀಪ ಹಸಿರು, ವ್ಯಾಟ್ ಸರಿಯಾಗಿದೆ. ದೀಪ ಉರಿಯುತ್ತಿದ್ದರೆ ದೂರು ತಾನಾಗಿಯೇ ಮುಚ್ಚಲಿ ಎಂದು ನಿಯಮ ಬರೆದವನು ನಾನೇ. ಪ್ರತಿ ಸಲವೂ ಆ ಮನೆಯವರಿಗೆ 'ನಿಮ್ಮ ಸಮಸ್ಯೆ ಬಗೆಹರಿದಿದೆ' ಎಂಬ ಸಂದೇಶ ಹೋಗುತ್ತಿತ್ತು, ಕತ್ತಲಲ್ಲಿ ಕೂತವರಿಗೆ! ಕೊನೆಗೆ ಸಂಜೆ ನಾನೇ ಹೋಗಿ ನೋಡಿದೆ. ದೀಪ ಚೆನ್ನಾಗಿಯೇ ಉರಿಯುತ್ತಿತ್ತು, ಮರದ ಕೊಂಬೆಯೊಳಗೆ. ಎಲೆಗಳಿಗೆ ಭರ್ಜರಿ ಬೆಳಕು, ರಸ್ತೆಗೆ ಏನೂ ಇಲ್ಲ. ಸೆನ್ಸರ್ ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ್ದು ವ್ಯಾಟ್, ಅದು ಹೇಳಿದ್ದೂ ವ್ಯಾಟ್.

ಆ ನಿಯಮವನ್ನು ಅಂದೇ ಕಿತ್ತೆ. ಈಗ ದೂರು ಬಂದು ದೀಪವೂ ಉರಿಯುತ್ತಿದ್ದರೆ ಟಿಕೆಟ್ ಮೇಲೆ 'ಹೋಗಿ ನೋಡಿ' ಎಂದು ಬರುತ್ತದೆ. ಲೈನ್‌ಮನ್‌ಗಳ ಫಾರ್ಮ್‌ನಲ್ಲಿದ್ದ ಏಳು ಖಾನೆಗಳನ್ನೂ ತೆಗೆದೆವು. ಒಂದು ಫೋಟೋ, ಒಂದು ಬಟನ್ ಸಾಕು. ಕೈಯಲ್ಲಿ ಗ್ಲೌಸ್ ಹಾಕಿಕೊಂಡು ಯಾರು ಟೈಪ್ ಮಾಡುತ್ತಾರೆ?

ಮರ ಕತ್ತರಿಸುವ ವಿಭಾಗದವರ ಬಳಿ ಜೋಡಿಸಲು ಯಾವ ಸಾಫ್ಟ್‌ವೇರೂ ಇಲ್ಲ. ಅವರ ಮೇಸ್ತ್ರಿಗೆ ಸುಮ್ನೆ ಒಂದು ಎಸ್‌ಎಂಎಸ್ ಹೋಗುತ್ತದೆ. ಅವರು 'ಆಯ್ತು' ಎಂದು ಕಳಿಸಿದರೆ, ದೂರು ಕೊಟ್ಟವರಿಗೆ ರಾತ್ರಿ ಎಂಟಕ್ಕೆ ಒಂದು ಪ್ರಶ್ನೆ ಹೋಗುತ್ತದೆ: 'ಬೆಳಕು ಬಂತಾ?' ಅವರು ಹೌದು ಅಂದ ಮೇಲೆಯೇ ಟಿಕೆಟ್ ಮುಚ್ಚುವುದು.