ಎಳೆಯೋ ಮುಂಚೆ ಇಳಿಸು, ಅಗೆ

ಕಾರ್ತಿಕದ ಜಡಿಮಳೆ ಮೂರು ದಿನದಿಂದ ಬಿಟ್ಟಿರಲಿಲ್ಲ. ಬೆಳಗಿನ ಜಾವ ಐದಕ್ಕೆ ಮುಂಚೇನೇ ಫೋನ್ ಬಂತು. "ಅಣ್ಣಾ, ಟಾಟಾ ಏಸ್ ಗಾಡಿ ತೋಟದ ದಾರೀಲಿ ಹೂತ್ಕೊಂಡ್ಬಿಟ್ಟೈತೆ. ಐವತ್ತು ಬಾಕ್ಸ್ ಟೊಮೆಟೊ ಹಣ್ಣೈತೆ. ಹರಾಜಿನ ಹೊತ್ತಿಗೆ ಮಂಡಿ ಸೇರ್ಬೇಕು. ಪಿಕಪ್ ತಗೊಂಡು ಬಾರಣ್ಣ."

ವೇಮಗಲ್ ಕಡೆಯ ಹಳ್ಳಿ. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಕೋಲಾರದ ಕೆರೆಗಳಿಗೆ ಬರೋಕೆ ಶುರುವಾದ ಮೇಲೆ ಕೆಲವು ಕಡೆ ಕೆರೆ ಪಕ್ಕದ ದಾರಿಗಳು ಮೊದಲಿನ ಹಾಗಿಲ್ಲ. ಮೇಲೆ ಕೆಮ್ಮಣ್ಣು ಗಟ್ಟಿಯಾಗಿ ಕಾಣುತ್ತೆ, ಒಂದಡಿ ಕೆಳಗೆ ಕೆರೆ ಗೋಡು, ಬೆಣ್ಣೆ ಹಾಗೆ. ಖಾಲಿ ಗಾಡಿ ದಾಟಿಕೊಂಡು ಒಳಗೆ ಹೋಗುತ್ತೆ, ಲೋಡ್ ಹಾಕಿಕೊಂಡು ವಾಪಸ್ ಬರುವಾಗ ಕುಸಿಯುತ್ತೆ.

ಹೋಗಿ ನೋಡಿದರೆ ಹಿಂದಿನ ಎರಡೂ ಚಕ್ರ ಅಚ್ಚಿನವರೆಗೆ ಇಳಿದಿವೆ. ಡ್ರೈವರ್ ಹುಡುಗ ಆಕ್ಸಿಲೇಟರ್ ತುಳಿದು ತುಳಿದು ಇನ್ನೂ ಆಳ ಮಾಡಿಕೊಂಡಿದ್ದ. ಟೈರಿನ ಪಟ್ಟಿಗಳೆಲ್ಲ ಮಣ್ಣು ತುಂಬಿ ನುಣ್ಣಗೆ ಮಡಕೆ ಹಾಗಾಗಿದ್ದವು. "ಕಟ್ಟಿ ಒಂದು ಜರ್ಕ್ ಕೊಡಣ್ಣ, ಬಂದ್ಬಿಡ್ತದೆ" ಅಂದ. ನಾನು ಮೊದಲು ಇಂಜಿನ್ ಆಫ್ ಮಾಡು ಅಂದೆ.

ಆ ಜರ್ಕ್ ಅನ್ನೋ ಮಾತು ಕೇಳಿದರೆ ನನಗೆ ಇವತ್ತಿಗೂ ಎದೆ ಧಸಕ್ ಅನ್ನುತ್ತೆ. ಕೆಲವು ವರ್ಷದ ಹಿಂದೆ ಶ್ರೀನಿವಾಸಪುರದ ಕಡೆ ಮಾವಿನ ತೋಪಿನಲ್ಲಿ ಒಂದು ಗಾಡಿ ಎಳೆಯೋಕೆ ಹೋಗಿದ್ದೆ. ಕೊಕ್ಕೆ ಇದ್ದ ಸ್ಟೀಲ್ ರೋಪನ್ನ ಅದರ ಬಂಪರ್‌ಗೆ ಸಿಕ್ಕಿಸಿ, ರೋಪ್ ಸಡಿಲ ಬಿಟ್ಟು, ಓಡಿಸಿಕೊಂಡು ಬಂದು ಜಗ್ಗಿದೆ. ಬಂಪರ್ ಹಿಡಿದಿದ್ದ ತಗಡು ಕಿತ್ತು ಬಂತು. ಕೊಕ್ಕೆ ಹಾರಿ ನನ್ನ ಕ್ಯಾಬಿನ್ನಿನ ಹಿಂದಿನ ಗಾಜು ಒಡೆದು, ಪಕ್ಕದ ಸೀಟಿನಲ್ಲಿ ತಲೆ ಒರಗಿಸುವ ಜಾಗದ ರೆಕ್ಸಿನ್ ಸೀಳಿಹಾಕಿತು. ಅವತ್ತು ಆ ಸೀಟಿನಲ್ಲಿ ಯಾರೂ ಇರಲಿಲ್ಲ. ಗಾಜು ಹಾಕಿಸಿದೆ, ಸೀಳಿಗೆ ಹೊಲಿಗೆ ಹಾಕಿಸಿಲ್ಲ. ಗಾಡಿ ಎಳೆಯೋಕೆ ಕರೆ ಬಂದಾಗಲೆಲ್ಲ ಅದರ ಮೇಲೆ ಒಂದು ಸಲ ಕೈ ಆಡಿಸಿ ಹೊರಡ್ತೀನಿ.

ಆಮೇಲೆ ಕೂತು ಲೆಕ್ಕ ಹಾಕಿದೆ. ನನ್ನ ಬೊಲೆರೊ ಪಿಕಪ್ ಖಾಲಿ ಇದ್ದಾಗ ಸುಮಾರು 1700 ಕೆಜಿ. ಇಂಜಿನ್ ತಿರುಗಿಸೋದು ಹಿಂದಿನ ಚಕ್ರಗಳನ್ನ ಮಾತ್ರ, ಖಾಲಿ ಗಾಡೀಲಿ ಅವುಗಳ ಮೇಲೆ ಬೀಳೋ ಭಾರ ಅರ್ಧಕ್ಕಿಂತ ಕಡಿಮೆ. ಒದ್ದೆ ಮಣ್ಣಲ್ಲಿ ಟೈರಿಗೆ ಸಿಗೋ ಹಿಡಿತ ಆ ಭಾರದ ಅರ್ಧ ಅಂತ ಇಟ್ಟುಕೊಂಡರೂ ನಾನು ಎಳೆಯೋಕೆ ಆಗೋದು 400 ಕೆಜಿ ಆಸುಪಾಸು. ಅಚ್ಚಿನವರೆಗೆ ಹೂತ ಗಾಡಿ ಕದಲಬೇಕಾದರೆ ಹೆಚ್ಚುಕಮ್ಮಿ ಅದರದೇ ತೂಕದಷ್ಟು ಎಳೆತ ಬೇಕು. ಲೋಡಿದ್ದ ಈ ಏಸ್ 1600 ಕೆಜಿ ದಾಟುತ್ತೆ. ಎಲ್ಲಿ 400, ಎಲ್ಲಿ 1600? ಆ ವ್ಯತ್ಯಾಸ ತುಂಬೋಕೆ ಜನ ಜರ್ಕ್ ಕೊಡೋದು. ಹಗ್ಗ, ಕೊಕ್ಕೆ ಕಿತ್ತು ಬರೋದೂ ಅಲ್ಲೇ.

ಟೊಮೆಟೊ ಬಾಕ್ಸ್ ಒಂದಕ್ಕೆ 15 ಕೆಜಿ, 50 ಬಾಕ್ಸ್ ಅಂದರೆ 750. ಅದನ್ನ ಸುಮ್ಮನೆ ಇಳಿಸಿ ಬದುವಿನ ಮೇಲೆ ಇಡೋ ಬದಲು ನನ್ನ ಪಿಕಪ್ಪಿಗೆ ಹಾಕಿಸಿದೆ. ಕೂಲಿಗೆ ಬಂದಿದ್ದ ಐದು ಜನ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರು, ಕಾಲು ಗಂಟೆ ಹಿಡಿಯಿತು. ಹೂತ ಗಾಡಿ ಹಗುರ ಆಯಿತು, ಎಳೆಯೋ ಗಾಡಿಯ ಹಿಂದಿನ ಚಕ್ರಕ್ಕೆ ಭಾರ ಬಿತ್ತು. ಒಂದೇ ಕೆಲಸಕ್ಕೆ ಎರಡು ಲಾಭ. ಪಿಕಪ್ ಇಟ್ಟುಕೊಂಡಿರೋ ಪ್ರತಿಯೊಬ್ಬರಿಗೂ ನಾನು ಹೇಳೋದು ಇದನ್ನೇ, ಖಾಲಿ ಗಾಡೀಲಿ ಎಳೆಯೋಕೆ ಹೋಗಬೇಡಿ.

ಆಮೇಲೆ ಗುದ್ದಲಿ. ತೋಟದ ಯಜಮಾನರಿಗೆ ಹೊತ್ತಾಗ್ತಿದೆ ಅನ್ನೋ ಚಡಪಡಿಕೆ. "ಇಷ್ಟೊತ್ತಿಗೆ ಎಳೆದೇ ಬಿಡಬಹುದಿತ್ತು" ಅಂದರು. "ಅರ್ಧ ಗಂಟೆ ಕೊಡಿ ಯಜಮಾನ್ರೇ, ಗಾಡಿ ಮುರಿದರೆ ಇಡೀ ದಿನ ಹೋಗುತ್ತೆ" ಅಂದೆ. ಬರೋ ದಿಕ್ಕಿಗೆ ಚಕ್ರದ ಮುಂದೆ ಇಳಿಜಾರು ಮಾಡಿ ಅಗೆದೆವು, ಚಕ್ರ ಗೋಡೆ ಹತ್ತೋ ಹಾಗಿರಬಾರದು, ದಿಬ್ಬ ಹತ್ತೋ ಹಾಗಿರಬೇಕು. ಹಿಂದಿನ ಅಚ್ಚಿನ ನಡುವೆ ಉಬ್ಬಿಕೊಂಡಿರೋ ಗೇರ್ ಗುಂಡು, ಡಿಫರೆನ್ಷಿಯಲ್, ಮಣ್ಣಿನ ಮೇಲೆ ಕೂತುಬಿಟ್ಟಿತ್ತು. ಬಹಳ ಜನ ಚಕ್ರ ಬಿಡಿಸ್ತಾರೆ, ಇದನ್ನ ನೋಡಲ್ಲ. ಅದು ನೇಗಿಲ ಹಾಗೆ ನೆಲ ಸೀಳಿಕೊಂಡೇ ಬರಬೇಕಾಗುತ್ತೆ. ಗಾಡಿ ಕೆಳಗೆ ತಲೆ ತೂರಿಸದೆ, ಪಕ್ಕದಿಂದಲೇ ಸನಿಕೆ ಚಾಚಿ ಆ ಮಣ್ಣು ತೆಗೆಸಿದೆ. ಟೈರಿನ ಪಕ್ಕಕ್ಕೆ ಹಾರೆ ಇಳಿಸಿ ಅಲ್ಲಾಡಿಸಿದಾಗ ಪಚಕ್ ಅಂತ ಗಾಳಿ ಒಳಗೆ ಹೋಯಿತು. ಗೋಡು ಮಣ್ಣು ಟೈರನ್ನ ಹೀರಿಕೊಂಡು ಕೂತಿರುತ್ತೆ, ಗಾಳಿ ಹೋದರೇನೇ ಬಿಡೋದು.

ಚಕ್ರದ ಮುಂದೆ ಹಾಸೋಕೆ ಯಾರೋ ರಾಗಿ ಹುಲ್ಲು ತಂದರು. ಒದ್ದೆ ಹುಲ್ಲು ಜಾರುತ್ತೆ, ಬೇಡ ಅಂದೆ. ಟೊಮೆಟೊ ಗಿಡಕ್ಕೆ ನಿಲ್ಲಿಸೋ ನೀಲಗಿರಿ ಕಡ್ಡಿಗಳ ಹೊರೆ ಬದುವಿನ ಮೇಲೇ ಇತ್ತು. ಅವನ್ನ ಅಡ್ಡಡ್ಡಲಾಗಿ, ಒತ್ತೊತ್ತಾಗಿ ಹಾಸಿ ಮೇಲೆ ಗೋಣಿಚೀಲ ಹಾಕಿದೆವು. ತುದಿ ಚಿಮ್ಮಬಹುದು ಅಂತ ಚಕ್ರದ ಹಿಂದೆ ಯಾರನ್ನೂ ನಿಲ್ಲಿಸಲಿಲ್ಲ.

ನನ್ನ ಹತ್ತಿರ ಇರೋದು ಪಾಲಿಯೆಸ್ಟರ್ ಬೆಲ್ಟ್, ಕ್ರೇನಿನವರು ಬಳಸೋ ಅಂಥದ್ದು. ಎಷ್ಟು ಭಾರ ತಡೆಯುತ್ತೆ ಅಂತ ಅದರ ಬಣ್ಣವೇ ಹೇಳುತ್ತೆ: ಹಸಿರು 2 ಟನ್, ಹಳದಿ 3 ಟನ್. ನನ್ನವು ಹಳದಿ, ಆರಾರು ಮೀಟರಿನ ಎರಡು. ಈ ಬೆಲ್ಟ್ ಹೆಚ್ಚು ಹಿಗ್ಗಲ್ಲ, ಅದಕ್ಕೇ ನಿಧಾನವಾಗಿ ಎಳೆಯೋಕೆ ಮಾತ್ರ, ಜಗ್ಗೋಕೆ ಅಲ್ಲ. ಗಟ್ಟಿ ನೆಲ ಸಿಗೋವರೆಗೆ ಒಂದು ಬೆಲ್ಟ್ ಸಾಲದು ಅಂತ ಎರಡನ್ನ ಕೂಡಿಸಿದೆ. ನಡುವೆ ಶ್ಯಾಕಲ್ (ಅಡ್ಡ ಪಿನ್ ಇರೋ U ಆಕಾರದ ಕಬ್ಬಿಣದ ಬಳೆ) ಹಾಕಲಿಲ್ಲ, ಬೆಲ್ಟ್ ಹರಿದರೆ ಅದು ಕವಣೆ ಕಲ್ಲಾಗುತ್ತೆ. ಒಂದರ ಕುಣಿಕೆಯೊಳಗೆ ಇನ್ನೊಂದನ್ನ ಕೋದು, ಆ ಗಂಟಿನ ನಡುವೆ ಸುರುಳಿ ಸುತ್ತಿದ ಹಳೇ ಪೇಪರ್ ಇಟ್ಟೆ. ಹಾಗೆ ಮಾಡದಿದ್ದರೆ ಗಂಟು ಕಲ್ಲಾಗಿಬಿಡುತ್ತೆ, ಆಮೇಲೆ ಬಿಚ್ಚೋಕೆ ಬರಲ್ಲ.

ಕಟ್ಟಿದ್ದು ಎರಡೂ ಕಡೆ ಚಾಸಿಸ್‌ಗೆ ಬೋಲ್ಟ್ ಹಾಕಿ ಕೂರಿಸಿದ ಕೊಂಡಿಗೆ, 3¼ ಟನ್ ಅಂತ ಅಚ್ಚೊತ್ತಿದ ಶ್ಯಾಕಲ್ಲಿನಿಂದ. ಬಂಪರ್, ಸ್ಟೀರಿಂಗ್ ರಾಡ್, ಟ್ರೇಲರ್ ಸಿಕ್ಕಿಸೋ ಗುಂಡು, ಇವಕ್ಕೆ ಯಾವತ್ತೂ ಕಟ್ಟಬಾರದು. ಟ್ರ್ಯಾಕ್ಟರಿನಲ್ಲಿ ಎಳೆಯೋರು ಹಿಂದೆ ಕೆಳಗಿರೋ ಎಳೆಯೋ ಪಟ್ಟಿಗೇ, ಡ್ರಾಬಾರಿಗೇ, ಕಟ್ಟಬೇಕು. ಅಚ್ಚಿಗಿಂತ ಮೇಲೆ ಕಟ್ಟಿದರೆ ಮುಂದಿನ ಚಕ್ರ ಎದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತೆ, ಡ್ರೈವರಿಗೆ ಹಾರೋಕೂ ಹೊತ್ತು ಸಿಗಲ್ಲ.

ಬೆಲ್ಟಿನ ಮೇಲೆ ಒದ್ದೆ ಗೋಣಿಚೀಲ ಮಡಚಿ ಹೊದಿಸಿದೆ, ಹರಿದರೂ ಹಾರೋ ಬದಲು ನೆಲಕ್ಕೆ ಬೀಳಲಿ ಅಂತ. ನೋಡೋಕೆ ಸೇರಿದ್ದ ಜನರನ್ನ ದೂರ ಕಳಿಸೋದೇ ಎಲ್ಲಕ್ಕಿಂತ ಕಷ್ಟ. 12 ಮೀಟರ್ ಬೆಲ್ಟಿಗೆ ಇಪ್ಪತ್ತು ಹೆಜ್ಜೆಗಿಂತ ಆಚೆ, ಅದೂ ಪಕ್ಕಕ್ಕೆ, ನೇರಕ್ಕೆ ಯಾರೂ ಇರಬಾರದು. ಒಂದು ಮಗು ಬೆಲ್ಟ್ ದಾಟೋಕೆ ಬಂತು, ಗದರಿ ಕಳಿಸಿದೆ. ಸನ್ನೆ ಮಾಡೋದು ಯಜಮಾನರೊಬ್ಬರೇ ಅಂತ ಮಾತಾಯಿತು. ಹುಡುಗನಿಗೆ ಹೇಳಿದೆ: "ತಮ್ಮಾ, ಫಸ್ಟ್ ಗೇರ್, ಸ್ಟೀರಿಂಗ್ ನೇರ. ಚಕ್ರ ಸುಮ್ಮನೆ ಸುತ್ತಿದರೆ ಕಾಲು ತೆಗೆ. ಎರಡು ಹಾರನ್ ಹೊಡೆದರೆ ಇಬ್ಬರೂ ನಿಲ್ಲಿಸೋದು."

ಮೊದಲು ಬೆಲ್ಟ್ ಬಿಗಿಯಾಗೋವರೆಗೆ ಇಂಚಿಂಚಾಗಿ ಮುಂದೆ ಹೋಗಿ ನಿಲ್ಲಿಸಿದೆ. ಇಳಿದು ಎರಡೂ ಕೊಂಡಿ ದೂರದಿಂದಲೇ ನೋಡಿ ಬಂದೆ. ಆಮೇಲೆ ಕ್ಲಚ್ ನಿಧಾನಕ್ಕೆ ಬಿಟ್ಟೆ. ಮೊದಲ ಸಲ ಏಸ್ ಒಂದು ಗೇಣು ಬಂದು ನಿಂತಿತು. ನನ್ನ ಟೈರ್ ಜಾರೋಕೆ ಶುರುವಾಯಿತು, ಬಿಟ್ಟೆ. ಎಡಗಡೆ ಚಕ್ರದ ಮುಂದೆ ಇನ್ನೊಂದಷ್ಟು ಮಣ್ಣು ತೆಗೆದು, ಕಡ್ಡಿ ಸೇರಿಸಿದೆವು. ಎರಡನೇ ಸಲ ಕಡ್ಡಿಗಳು ಪಟಪಟ ಅಂದವು, ಗಾಡಿ ಎದ್ದು ಬಂತು. ತಕ್ಷಣ ನಾನು ಬ್ರೇಕ್ ಹಾಕಲಿಲ್ಲ. ಹಿಂದಿನವನು ಬಂದು ಗುದ್ದಬಾರದು ಅಂತ ಹಾಗೇ ಉರುಳಿಸಿಕೊಂಡು ಗಟ್ಟಿ ನೆಲಕ್ಕೆ ಹೋದೆ. ಎರಡನೇ ಸಲಕ್ಕೂ ಬಂದಿರದಿದ್ದರೆ ಜೆಸಿಬಿಗೆ ಫೋನ್ ಮಾಡ್ತಿದ್ದೆ.

ಬಾಕ್ಸುಗಳನ್ನ ಮತ್ತೆ ಏಸಿಗೆ ಹಾಕಲಿಲ್ಲ, ನಾನೇ ಕೋಲಾರ ಮಂಡಿಗೆ ಸಾಗಿಸಿದೆ. ಹರಾಜು ಇನ್ನೂ ನಡೀತಿತ್ತು. ಮನೆಗೆ ಬಂದು ಬೆಲ್ಟ್‌ಗಳನ್ನ ಬರೀ ನೀರಲ್ಲಿ ತೊಳೆದು ನೆರಳಿಗೆ ಹಾಕಿದೆ. ಒಳಗೆ ಕೂತ ಮರಳು ನೂಲು ಕೊಯ್ಯುತ್ತೆ. ಒಣಗಿದ ಮೇಲೆ ಬೆರಳಲ್ಲಿ ಅಂಚು ತಡವುತ್ತಾ ಹೋದರೆ ಒಂದರಲ್ಲಿ ಉಗುರಿನಷ್ಟು ಸೀಳು ಸಿಕ್ಕಿತು. ಚೆನ್ನಾಗಿ ಬೆಲೆ ಕೊಟ್ಟು ತಂದಿದ್ದ ಬೆಲ್ಟ್. ಇನ್ನೊಬ್ಬರು ಎತ್ತಿಕೊಂಡು ಬಳಸಬಾರದು ಅಂತ ಮಚ್ಚು ತಗೊಂಡು ನಾಲ್ಕು ತುಂಡು ಮಾಡಿ, ಮಾರನೇ ದಿನ ಕೋಲಾರದಲ್ಲಿ ಹೊಸದೊಂದು ತಂದೆ.